"ಆಗಲ್ಲ" ಅಲ್ಲ, "ಮಾಡಲ್ಲ" ಅನ್ನಿ

"ಇಷ್ಟು ಸಣ್ಣ ಪಾರ್ಟಿಗೆ ಕೈಯಲ್ಲಿ ಬೆಸುಗೆ ಹಾಕೋಕೆ ಆಗಲ್ಲ ಸರ್, ಬೋರ್ಡೇ ಬದಲಾಯಿಸಬೇಕು. 14,000 ಆಗುತ್ತೆ." ಮೊನ್ನೆ ಮಗಳ ಲ್ಯಾಪ್‌ಟಾಪ್ ಒಯ್ದಾಗ ಸರ್ವಿಸ್ ಸೆಂಟರಿನವನು ಹಿಂದಿಯಲ್ಲಿ ಹೇಳಿದ್ದಿದು.

ಆಗಲ್ಲ ಅಂದರೇನು ಸ್ವಾಮಿ? ಅದೇ ಲ್ಯಾಪ್‌ಟಾಪನ್ನು ಇಲ್ಲಿ ಮುಂಬೈನ ಲ್ಯಾಮಿಂಗ್ಟನ್ ರೋಡಿನ ಗಲ್ಲಿಯಲ್ಲಿ ಕೂತ ಮೆಕ್ಯಾನಿಕ್ ಮುಕ್ಕಾಲು ಗಂಟೆಯಲ್ಲಿ ಎಬ್ಬಿಸಿದ. ಕೆಟ್ಟಿದ್ದು ಒಂದೇ ಒಂದು ಕೆಪಾಸಿಟರ್, ಶಾರ್ಟ್ ಆಗಿತ್ತು. 0402 ಅಳತೆಯದು, ಅಂದರೆ ಉದ್ದ 1 ಮಿಲಿಮೀಟರ್, ಅಗಲ ಅದರರ್ಧ. ಸಾಸಿವೆಯೇ ದೊಡ್ಡದು! ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಫ್ಲಕ್ಸ್ ಸವರಿ, ಹಳೇದನ್ನು ಕಿತ್ತ. ಒಂದು ಪ್ಯಾಡಿನ ಮೇಲೆ ಚೂರೇ ಚೂರು ಸೋಲ್ಡರ್ ಕರಗಿಸಿ, ಹೊಸದನ್ನು ಚಿಮಟದಲ್ಲಿ ಹಿಡಿದು ಅದಕ್ಕೆ ಅಂಟಿಸಿದ. ಆಮೇಲೆ ಇನ್ನೊಂದು ತುದಿ. ಸ್ವಲ್ಪ ಸೊಟ್ಟಗಿತ್ತು. ಬಿಸಿಗಾಳಿ ಬಿಟ್ಟ, ಎರಡೂ ಕಡೆ ಒಟ್ಟಿಗೆ ಕರಗಿದವು, ತಾನಾಗೇ ನೆಟ್ಟಗೆ ಕೂತಿತು! ಕರಗಿದ ಲೋಹದ ಮೇಲ್ಮೈ ಸೆಳೆತವೇ ಅದನ್ನು ಜಾಗಕ್ಕೆ ಎಳೆದುಕೊಳ್ಳುತ್ತಂತೆ. ತಗೊಂಡದ್ದು 500 ರೂಪಾಯಿ.

ಕಾಲುಗಳೆಲ್ಲ ಹೊಟ್ಟೆಯಡಿ ಇರುವ ಬಿಜಿಎ ಚಿಪ್ಪಿಗೆ ಬರೀ ಐರನ್ ಸಾಲದು, ಒಪ್ಪುತ್ತೇನೆ. ಆದರೆ ಒಂದು ಕೆಪಾಸಿಟರಿಗೆ? ನಾವೂ ಬ್ಯಾಂಕಿನಲ್ಲಿ ಬೇಡದ ಗಿರಾಕಿಯನ್ನು "ಸಿಸ್ಟಮ್ ತಗೊಳ್ತಿಲ್ಲ" ಅಂತ ಸಾಗಹಾಕಿದವರೇ. ಹಾಗಾಗಿ ಈ "ಆಗಲ್ಲ"ದ ವಾಸನೆ ನನಗೆ ಬೇಗ ಬಡಿಯುತ್ತೆ. ನಮ್ಮಲ್ಲಿ ಬಿಡಿಭಾಗ ಬದಲಾಯಿಸಲ್ಲ, ಬೋರ್ಡು ಮಾತ್ರ ಮಾರ್ತೀವಿ ಅಂತ ನೇರವಾಗಿ ಹೇಳಲಿ. ಗಲ್ಲಿಯವನ ಕೈಗೆ ಬರುವ ಕೆಲಸವನ್ನು ಅಸಾಧ್ಯ ಅನ್ನೋದೇಕೆ?

"ರಿಪೇರಿ ಹಕ್ಕಿ"ಗಾಗಿ ಕೇಂದ್ರ ಸರ್ಕಾರ ಸಮಿತಿ ಮಾಡಿದ್ದು 2022ರಲ್ಲಿ. ನನಗೆ ಕೊಟ್ಟ ಕೊಟೇಶನ್ನಿನಲ್ಲಿ ಮಾತ್ರ ಇದ್ದದ್ದು ಒಂದೇ ಸಾಲು: ಮದರ್‌ಬೋರ್ಡ್, 14,000.