ಪಾಠಗಳ ಲೆಕ್ಕಕ್ಕಿಂತ ಕೆಲಸದ ರಚನೆ ಮುಖ್ಯ

ಕಲಿಯುವವರ ಅಭಿಪ್ರೇರಣೆಯ ಬಗ್ಗೆ ನಾವು ಅಧ್ಯಾಯಗಟ್ಟಲೆ ಓದುತ್ತೇವೆ. ಕಲಿಸುವವರ ಅಭಿಪ್ರೇರಣೆಯ ಮಾತು ಬಂದರೆ ‘ಸೇವಾ ಮನೋಭಾವ ಬೇಕು’ ಎಂಬ ಉಪದೇಶದಲ್ಲಿ ಮುಗಿಸುತ್ತೇವೆ. ಶಾಲೆಯೂ ದುಡಿಮೆಯ ಸ್ಥಳವೇ. ಔದ್ಯೋಗಿಕ ಮನೋವಿಜ್ಞಾನ ನಮಗೂ ಬೇಕು ಎಂಬುದು ನನ್ನ ಅಭಿಪ್ರಾಯ.

1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಕೆಲಸದ ಐದು ಗುಣಗಳನ್ನು ಗುರುತಿಸಿದರು: ಕೌಶಲಗಳ ವೈವಿಧ್ಯ, ಕೆಲಸದ ಪೂರ್ಣತೆ, ಮಹತ್ವ, ಸ್ವಾತಂತ್ರ್ಯ, ಹಿಮ್ಮಾಹಿತಿ. ಉತ್ಸಾಹವನ್ನು ವ್ಯಕ್ತಿಯ ಸ್ವಭಾವದಲ್ಲಷ್ಟೇ ಅಲ್ಲ, ಕೆಲಸದ ರಚನೆಯಲ್ಲೂ ಹುಡುಕಬೇಕು ಎಂಬುದು ಇದರ ಸಾರ.

ತೊಕ್ಕೊಟ್ಟು ಆಸುಪಾಸಿನಲ್ಲಿ ಬೀಡಿ ಕಟ್ಟುವ ಮನೆಗಳಿವೆ. ನಾನು ಪಾಠ ಮಾಡಿದ ತರಗತಿಯಲ್ಲೂ ಅಂಥ ತಾಯಂದಿರ ಮಕ್ಕಳಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟುವವರು ಅವರೇ. ಬ್ರಾಂಚಿಗೆ ಕೊಟ್ಟಾಗಲೇ ಯಾವುದು ಸರಿಯಿಲ್ಲವೆಂದು ತಿಳಿಯುತ್ತದೆ. ಸಾವಿರದ ಲೆಕ್ಕದ ಆ ಮಜೂರಿಯನ್ನು ಮಾದರಿ ಎನ್ನಲಾರೆ. ಆದರೂ ಪೂರ್ಣತೆ, ಹಿಮ್ಮಾಹಿತಿ ಎರಡೂ ಅಲ್ಲಿವೆ. ನಮ್ಮ ಬೋಧನಾಭ್ಯಾಸದಲ್ಲಿ ಅವೇ ಕಡಿಮೆ. ಸೋಮವಾರ ಎಂಟನೇ ತರಗತಿಗೆ ಒಂದು ಪಾಠ, ಗುರುವಾರ ಒಂಬತ್ತಕ್ಕೆ ಇನ್ನೊಂದು. ಘಟಕ ಪರೀಕ್ಷೆಯ ಹೊತ್ತಿಗೆ ಆ ತರಗತಿ ನಮ್ಮ ಕೈಯಲ್ಲಿರುವುದಿಲ್ಲ. ‘ಉತ್ತಮ, ಕಪ್ಪುಹಲಗೆ ಬಳಕೆ ಸುಧಾರಿಸಲಿ’ ಎಂಬ ಷರಾ ವಾರ ಕಳೆದು ಸಿಗುತ್ತದೆ. ಪಾಠಗಳ ಸಂಖ್ಯೆ ಮಾತ್ರ ಭರ್ತಿಯಾಗುತ್ತದೆ.

ಸಮಯದ ಕೊರತೆ ಎನ್ನುವಂತಿಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿ ಎರಡು ವರ್ಷದ ಬಿ.ಇಡ್.ನಲ್ಲಿ ಶಾಲಾನುಭವಕ್ಕೆ 20 ವಾರ ಕೊಟ್ಟಿದೆ. ಪ್ರತಿ ಪ್ರಶಿಕ್ಷಣಾರ್ಥಿಗೆ ಒಂದಾದರೂ ಘಟಕವನ್ನು ಪೂರ್ವಪರೀಕ್ಷೆಯಿಂದ ಪರಿಹಾರ ಬೋಧನೆಯವರೆಗೆ ಒಪ್ಪಿಸಲಿ. ಚಟುವಟಿಕೆಗಳ ಆಯ್ಕೆ ಅವರದೇ ಇರಲಿ. ಪಾಠ ಮುಗಿದ ದಿನವೇ ಮಾರ್ಗದರ್ಶಕ ಶಿಕ್ಷಕರೊಡನೆ ಹತ್ತು ನಿಮಿಷದ ಮಾತುಕತೆ ನಡೆಯಲಿ. ಹೊಸಬರ ಕೈಗೆ ಘಟಕ ಕೊಟ್ಟರೆ ಪಾಠಗಳು ಹಿಂದೆ ಬೀಳುತ್ತವೆ ಎಂಬ ಮುಖ್ಯೋಪಾಧ್ಯಾಯರ ಆತಂಕ ನ್ಯಾಯವಾದದ್ದೇ. ಅದಕ್ಕೆ ಚಿಕ್ಕ ಘಟಕದಿಂದ ಆರಂಭಿಸಬಹುದು.

ಇದರಿಂದ ಪ್ರಯೋಜನವಾಯಿತೇ ಎಂಬುದನ್ನೇ ನಮ್ಮ ಕ್ರಿಯಾ ಸಂಶೋಧನೆಯ ಸಮಸ್ಯೆಯಾಗಿಸೋಣ. ಆದರೆ ಒಂದು ಎಚ್ಚರ ಬೇಕು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು, ಯಾರೋ ಗಮನಿಸುತ್ತಿದ್ದಾರೆ ಎಂಬ ಅರಿವಿನಿಂದಲೇ ಕೆಲಸ ಬದಲಾಗಬಹುದೇ ಎಂಬ ಚರ್ಚೆಯನ್ನು ಹುಟ್ಟುಹಾಕಿದವು. ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕುಳಿತ ದಿನ ತರಗತಿ ಎಷ್ಟು ಶಾಂತವಾಗಿರುತ್ತದೆಂದು ನಮಗೆ ಗೊತ್ತೇ ಇದೆ. ಆದ್ದರಿಂದ ಅವರಿಲ್ಲದ ದಿನಗಳ ದಾಖಲೆಯೂ ಬೇಕು. ಪ್ರಶ್ನಾವಳಿಯಲ್ಲಿ ನಮ್ಮ ಹೆಸರಿರಬಾರದು, ಉತ್ತರಗಳು ಆಂತರಿಕ ಅಂಕಕ್ಕೆ ತಾಗಬಾರದು.

ಪಾಠ ಎಣಿಸುವುದನ್ನೇ ಕಲಿತವರು ನಾಳೆ ‘ಪೋರ್ಷನ್ ಮುಗಿಸುವ’ ಶಿಕ್ಷಕರಾಗುತ್ತಾರೆ. ಅದರ ನಷ್ಟ, ಬೀಡಿ ಕಟ್ಟಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರಿಗೆ.