ಉಳ್ಳಾಗಡ್ಡಿ ರೊಕ್ಕ ಬನದ ಹುಣ್ಣಿವಿ ದಾಟಬೇಕು

ದೀಪಾವಳಿ ಮುಂದ ಉಳ್ಳಾಗಡ್ಡಿ ಪಟ್ಟಿ ಕೈಗೆ ಬಂತಂದ್ರ ಮನ್ಯಾಗ ಎಲ್ಲಾರಿಗೂ ಖರ್ಚು ನೆನಪಾಗ್ತಾವ. ಹ್ವಾದ ವರ್ಷ ನಾನೂ ಇಳಕಲ್ಲಿಗೆ ಹೋಗಿ ಮೂರು ಸೀರಿ ತಂದೆ. ಆಮ್ಯಾಲೆ ಕಡ್ಲಿ ಬೀಜಕ್ಕ ಕೈಗಡ, ತಿಂಗಳಿಗೆ ನೂರಕ್ಕ ಮೂರು ರೂಪಾಯಿ ಬಡ್ಡಿ! ಬಾದಾಮಿ ಬನಶಂಕರಿ ಜಾತ್ರ್ಯಾಗ ನಾಟಕದ ಟಿಕೀಟಿಗೂ ಅಣ್ಣನ ಮುಂದ ಕೈಚಾಚಿದೆ.

ನನ್ನ ಕೇಳಿದ್ರ, ಪಟ್ಟಿ ರೊಕ್ಕದಾಗ ಮೊದಲು ಹಿಂಗಾರಿ ಬೀಜ-ಗೊಬ್ಬರದ್ದು ತೆಗೆದಿಡಬೇಕ್ರಿ. ಕಡ್ಲಿಗೆ ಬೆಳೆವಿಮಾ ಕಂತು ವಿಮಾ ಮೊತ್ತದ ಶೇ. 1.5 ಅಷ್ಟ; ಅದರಾಗ ಜಿಪುಣತನ ಬ್ಯಾಡ. ಸೊಸೈಟಿ ಬೆಳೆಸಾಲಕ್ಕ ಬಡ್ಡಿ ಇಲ್ಲ ಖರೇ, ವಾಯಿದೆ ತಪ್ಪಿದ್ರ ಬೀಳತೈತಿ. ಅದನ್ನೂ ಬ್ಯಾರೆ ಇಡ್ರಿ. ಕಡ್ಲಿ ರಾಶಿ ಆಗೂದು ಫೆಬ್ರುವರಿಗೆ. ಅಲ್ಲೀತನಕ ಮನಿ ನಡೀಬೇಕಲ್ಲ.

“ಹಂಗಾರ ಸೀರಿ?” ಅಂದ್ಲು ಮನಿಯಾಕಿ. ಬನದ ಹುಣ್ಣಿವಿಗೆ ಒಂದು ತರೂಣು ಅಂದೀನಿ.