ಸಂಖ್ಯಾಫಲಕವೂ ಸಾರ್ವಜನಿಕ ನಿಧಿಯೂ

೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯು ಗಗನದಲ್ಲಿಯೇ ಸಿಡಿದು ಏಳು ಮಂದಿ ಅಸುನೀಗಿದರು. ಅವರಲ್ಲೊಬ್ಬರು ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿ. ಮರುವರ್ಷವೇ ಫ್ಲಾರಿಡಾ ರಾಜ್ಯವು ಆ ನೌಕೆಯ ಚಿತ್ರವುಳ್ಳ ವಾಹನ ಸಂಖ್ಯಾಫಲಕವನ್ನು ಹೊರತಂದಿತು. ನೋಂದಣಿ ಶುಲ್ಕದ ಮೇಲೆ ಹೆಚ್ಚಿನ ಹಣ ತೆತ್ತವರಿಗೆ ಮಾತ್ರ ಅದು ದೊರೆಯುವುದು. ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ೧೯೯೧ರಲ್ಲಿ ಅನಾವರಣಗೊಂಡ ಗಗನಯಾತ್ರಿಗಳ ಸ್ಮಾರಕಕ್ಕೆ ಈ ಹಣವೂ ನೆರವಾಯಿತು. ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ಸಂರಕ್ಷಣೆಗೆ, ಫ್ಲಾರಿಡಾದ ಮ್ಯಾನಟೀ ಎಂಬ ಸಾಧು ಜಲಚರದ ರಕ್ಷಣೆಗೆ ೧೯೯೦ರಿಂದ ಇದೇ ಮಾರ್ಗವನ್ನು ಅನುಸರಿಸಲಾಗಿದೆ.

ಬಲವಂತವಿಲ್ಲದ ಈ ಕ್ರಮವು ಶ್ಲಾಘ್ಯವೇ ಸರಿ. ದಾನಿಗಳ ಹೆಸರನ್ನು ಗೋಡೆಗಲ್ಲಿನಲ್ಲಿ ಕೆತ್ತಿಸುವ ರೂಢಿಯುಳ್ಳವರು, ಕೊಡುಗೆಯನ್ನು ಕಾರಿನ ಹಿಂದೆ ತೋರುವವರನ್ನು ಕಂಡು ನಗಬೇಕಾದುದಿಲ್ಲ. ಆದರೆ ಚಿತ್ರಕ್ಕೆ ಒಪ್ಪುವ ಪ್ರಾಣಿಗೆ ಹಣ ಹರಿದು ಬಂದೀತು. ಊರ ಚರಂಡಿಗಾಗಿ, ಕ್ಷಯರೋಗಿಯ ಔಷಧಕ್ಕಾಗಿ ಫಲಕವನ್ನು ಕೊಳ್ಳುವವರು ಯಾರು? ಫಲಕದ ಮಾತು ಸರ್ಕಾರದ್ದೇ ಎಂದು ಟೆಕ್ಸಾಸಿನ ಮೊಕದ್ದಮೆಯೊಂದರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ ತೀರ್ಪಿತ್ತಿತು. ಮಾತು ಸರ್ಕಾರದ್ದಾದ ಮೇಲೆ, ಯಾವ ಕಾರ್ಯಕ್ಕೆ ಎಷ್ಟು ಸಲ್ಲಬೇಕೆಂಬ ಹೊಣೆಯನ್ನು ಕೊಳ್ಳುವವರ ಅಭಿರುಚಿಗೆ ಒಪ್ಪಿಸಿ ಅದು ಕೈತೊಳೆದುಕೊಳ್ಳಲಾಗದು.

ಕರ್ನಾಟಕದಲ್ಲಿ ಇಂತಹ ಚಿತ್ರಫಲಕಗಳಿಲ್ಲ. ಮೆಚ್ಚಿನ ಸಂಖ್ಯೆಗಾಗಿ ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿಯುವವರುಂಟು. ಆ ಹಣವು ಬೊಕ್ಕಸವನ್ನು ಸೇರಿ ಉಳಿದ ಆದಾಯದೊಡನೆ ಬೆರೆತುಹೋಗುತ್ತದೆ. ಅದರ ಒಂದು ಪಾಲನ್ನು ಹಳ್ಳಿಯ ಸರ್ಕಾರಿ ಶಾಲೆಗಳ ಗ್ರಂಥಾಲಯಗಳಿಗೆ ಮೀಸಲಿಡುವುದು ಅಸಾಧ್ಯವೇನಲ್ಲ. ಹಾಗೆ ಮೀಸಲಿಟ್ಟ ನೆಪದಿಂದ ಆ ಶಾಲೆಗಳ ಅನುದಾನದಲ್ಲಿ ಒಂದು ಕಾಸೂ ಕಡಿತವಾಗಬಾರದೆಂಬ ನಿಯಮವನ್ನು ಮಾತ್ರ ಅದೇ ಆಜ್ಞೆಯಲ್ಲಿ ಸೇರಿಸಬೇಕು.